ಅಜ್ಜಿ ಓಡಿದ್ದು ಎಷ್ಟು ಸೆಕೆಂಡಲ್ಲಿ?

2022ರ ಜುಲೈನಲ್ಲಿ ಒಂದು ವಾರ ಪೂರ್ತಿ ನಮ್ಮೆಲ್ಲರ ಫೋನುಗಳಲ್ಲಿ ಒಬ್ಬ ಅಜ್ಜಿ ಓಡಾಡಿದರು. ಹೆಸರು ಭಗವಾನಿ ದೇವಿ ಡಾಗರ್, ವಯಸ್ಸು 94. ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್ ಕೂಟದಲ್ಲಿ 100 ಮೀಟರ್ ಓಟದ ಚಿನ್ನ ಗೆದ್ದರು, ಗುಂಡು ಎಸೆತದಲ್ಲಿ ಕಂಚು ತಂದರು. ಇಂಡಿಯಾ ಜೆರ್ಸಿ ಹಾಕ್ಕೊಂಡು ಪದಕ ತೋರಿಸ್ತಾ ನಿಂತ ಅವರ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ, ಕೆಳಗೆ ಕೈಮುಗಿಯೋ ಎಮೋಜಿಗಳ ಸಾಲು. ತಲೆಬರಹ ಮಾತ್ರ ಎಲ್ಲಾ ಕಡೆ ಒಂದೇ: ವಯಸ್ಸು ಅನ್ನೋದು ಬರೀ ಒಂದು ಸಂಖ್ಯೆ.

ನನ್ನ ತಕರಾರು ಶುರುವಾಗೋದು ಅಲ್ಲಿಂದಲೇ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ವಯಸ್ಸು ‘ಬರೀ’ ಸಂಖ್ಯೆ ಅಲ್ಲ. ಆ ಆಟ ನಿಂತಿರೋದೇ ಆ ಸಂಖ್ಯೆಯ ಮೇಲೆ. 35 ತುಂಬಿದರೆ ನೀವು ಮಾಸ್ಟರ್ಸ್. (ಇದನ್ನು ಓದುತ್ತಿರುವ ಕೆಲವರು ಆಗಲೇ ಅರ್ಹರು, ಗೊತ್ತಿಲ್ಲ ಅಷ್ಟೆ.) ಅಲ್ಲಿಂದ ಐದೈದು ವರ್ಷಕ್ಕೆ ಒಂದು ವಿಭಾಗ. ವಯಸ್ಸು ಏರಿದ ಹಾಗೆ ಹರ್ಡಲ್ಸ್ ಎತ್ತರ ಇಳಿಯುತ್ತೆ, ಗುಂಡಿನ ತೂಕ ಇಳಿಯುತ್ತೆ: ಗಂಡಸರಿಗೆ 35ರಲ್ಲಿ 7.26 ಕೆಜಿ ಇದ್ದದ್ದು 80 ದಾಟಿದ ಮೇಲೆ 3 ಕೆಜಿ. ಹೀಗಾಗಿ ಇವರು ಹುಟ್ಟುಹಬ್ಬಕ್ಕೆ ಕಾಯೋ ಜನ. ನಾವು 40 ಆಯ್ತಲ್ಲ ಅಂತ ಮುಖ ಸಣ್ಣ ಮಾಡ್ಕೊಂಡ್ರೆ, 84ರ ಓಟಗಾರನಿಗೆ 85 ತುಂಬೋದು ಅಂದ್ರೆ ಪ್ರಮೋಷನ್. ಹೊಸ ವಿಭಾಗದಲ್ಲಿ ಅವನೇ ಹುಡುಗ!

ಭಗವಾನಿ ದೇವಿಯವರ ಸುದ್ದಿಗಳಲ್ಲಿ 24.74 ಸೆಕೆಂಡ್ ಅಂತ ಒಂದು ಅಂಕಿ ಇತ್ತು. ಅದು ಚೆನ್ನಾಗಿತ್ತೋ, ಸಾಧಾರಣವೋ, ಅದ್ಭುತವೋ? ನಾನು ನೋಡಿದ ಒಂದು ವರದಿಯೂ ಹೇಳಲಿಲ್ಲ. ಕ್ರಿಕೆಟಿಗ 42 ರನ್ ಹೊಡೆದರೆ ಎಷ್ಟು ಬಾಲಿಗೆ ಅಂತ ಕೇಳದೆ ಬಿಡ್ತೀವಾ? ಅಜ್ಜಿ ಅಂದ ತಕ್ಷಣ ಲೆಕ್ಕ ಕೇಳೋದೇ ಅಗೌರವ ಅನ್ನೋ ಥರ ನಡ್ಕೊಳ್ತೀವಿ. ಪಕ್ಕದಲ್ಲಿ ಇಟ್ಟು ನೋಡೋಕೆ ಒಂದು ಅಂಕಿ ಹತ್ತಿರದಲ್ಲೇ ಇತ್ತು. 2009ರಲ್ಲಿ ಸಿಡ್ನಿಯ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ ಕೆನಡಾದ ಓಲ್ಗಾ ಕೊಟೆಲ್ಕೊ 100 ಮೀಟರನ್ನು 23.95 ಸೆಕೆಂಡಲ್ಲಿ ಓಡಿದ್ದರು. ಆಗ ಅವರಿಗೆ 90. ಎರಡು ವಿಭಾಗ ಕೆಳಗಿನ, ಅಂದರೆ 80ರಿಂದ 84ರ ಹೆಂಗಸರ ಫೈನಲ್ ಓಡಿದ ಕೆಲವರಿಗಿಂತ ಆ ವೇಗ ಹೆಚ್ಚಿತ್ತು. ಜಗತ್ತಿನ ವಿಜ್ಞಾನಿಗಳೆಲ್ಲ ಬೆನ್ನು ಹತ್ತಿದ ಆ ಓಲ್ಗಾಗಿಂತ ನಾಲ್ಕು ವರ್ಷ ದೊಡ್ಡವರಾಗಿ ನಮ್ಮ ಭಗವಾನಿ ದೇವಿ ಓಡಿದ್ದು ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ. ಇದು ಸುದ್ದಿ ಸ್ವಾಮಿ! ಎಮೋಜಿಯ ಗದ್ದಲದಲ್ಲಿ ಇದೊಂದೇ ಕಾಣೆಯಾಯ್ತು.

ಓಲ್ಗಾ ಹೆಸರು ಬಂದಿದ್ದಕ್ಕೆ ಅವರ ಮೇಲಿನ ಪುಸ್ತಕಕ್ಕೆ ಬರ್ತೀನಿ. ಬ್ರೂಸ್ ಗ್ರಿಯರ್ಸನ್ ಅನ್ನೋ ಕೆನಡಾದ ಪತ್ರಕರ್ತ ಬರೆದ ‘ವಾಟ್ ಮೇಕ್ಸ್ ಓಲ್ಗಾ ರನ್?’ 2014ರ ಜನವರಿಯಲ್ಲಿ ಬಂತು. ನಮ್ಮಂಥ ಓದುಗರಿಗೆ ಹೇಳಿ ಮಾಡಿಸಿದ ಪುಸ್ತಕ. ಕೈಗೆ ಸ್ಮಾರ್ಟ್‌ವಾಚ್ ಕಟ್ಕೊಂಡು, ನಿದ್ದೆಗೆ ಸ್ಕೋರ್ ಹಾಕಿಸ್ಕೊಂಡು, ಬೆಳಗ್ಗೆ ಏನು ತಿಂದ್ರೆ ನೂರು ವರ್ಷ ಅಂತ ಪಾಡ್‌ಕಾಸ್ಟ್ ಕೇಳ್ತಾ ಔಟರ್ ರಿಂಗ್ ರೋಡಲ್ಲಿ ಸಿಕ್ಕಿಹಾಕ್ಕೊಂಡಿರೋ ಜನ ನಾವು. ಗ್ರಿಯರ್ಸನ್ ಕೂಡ ಅಂಥದ್ದೇ ಗಿರಾಕಿ. ಐವತ್ತು ಹತ್ತಿರ ಬಂತು, ಮೈ ಮಾತು ಕೇಳ್ತಿಲ್ಲ ಅನ್ನೋ ದಿಗಿಲಲ್ಲಿ ತೊಂಬತ್ತು ದಾಟಿದ ಈ ಹೆಂಗಸಿನ ಹಿಂದೆ ಬೀಳ್ತಾನೆ.

ಹಿಂದೆ ಬೀಳೋಕೆ ತಕ್ಕ ವ್ಯಕ್ತಿಯೇ ಓಲ್ಗಾ. ಸಸ್ಕಾಚೆವಾನ್ ಪ್ರಾಂತ್ಯದ ರೈತ ಮನೆ, ಉಕ್ರೇನಿನಿಂದ ವಲಸೆ ಬಂದ ತಂದೆತಾಯಿ, ಹನ್ನೊಂದು ಮಕ್ಕಳಲ್ಲಿ ಒಬ್ಬಳು. ಹಿಂಸೆ ಕೊಡ್ತಿದ್ದ ಗಂಡನನ್ನು ಬಿಟ್ಟು ಬಂದು, ಶಾಲೆಯಲ್ಲಿ ಟೀಚರ್ ಆಗಿ, ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕಿದವಳು. ನಿವೃತ್ತಿಯಾದ ಮೇಲೆ ಸಾಫ್ಟ್‌ಬಾಲ್ ಆಡಿದರು. ಟ್ರ್ಯಾಕಿಗೆ ಇಳಿದಿದ್ದು 77ರಲ್ಲಿ. ಹಂಗೇರಿ ಮೂಲದ ಒಬ್ಬ ಕಟ್ಟುನಿಟ್ಟಿನ ಕೋಚ್ ಸಿಕ್ಕರು. ಮುಂದಿನದೆಲ್ಲ ದಾಖಲೆ.

ಪುಸ್ತಕದ ಅತ್ಯುತ್ತಮ ಭಾಗ ಪ್ರಯೋಗಾಲಯದ್ದು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಆಕೆಯ ತೊಡೆಯಿಂದ ಚೂರು ಸ್ನಾಯು ತೆಗೆದು ನೋಡ್ತಾರೆ. 65 ದಾಟಿದವರ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ಕೆಟ್ಟು ಹೋದ ಎಳೆಗಳು ಒಂದಿಷ್ಟಾದರೂ ಕಾಣಬೇಕು. ಓಲ್ಗಾರ ಸ್ನಾಯುವಿನಲ್ಲಿ ಹುಡುಕಿದರೂ ಸಿಗಲಿಲ್ಲ. ಮಿದುಳಿನ ಸ್ಕ್ಯಾನ್ ಆಯ್ತು, ಜೀನ್ ಆಯ್ತು, ಸ್ವಭಾವದ ಪರೀಕ್ಷೆ ಆಯ್ತು. ಗ್ರಿಯರ್ಸನ್ ಇದನ್ನೆಲ್ಲ ಪತ್ತೇದಾರಿ ಕಥೆ ಥರ ಓದಿಸ್ಕೊಂಡು ಹೋಗ್ತಾನೆ, ಸೋಗಿಲ್ಲದ ಬರವಣಿಗೆ. ಆದರೆ ಪತ್ತೇದಾರಿಗೆ ಕೊನೆಗೆ ಕಳ್ಳ ಸಿಗಲೇಬೇಕಲ್ಲ? ಇಲ್ಲಿ ಖಚಿತ ಉತ್ತರ ಇಲ್ಲ. ಇಲ್ಲ ಅಂತ ಒಪ್ಪಿಕೊಂಡು ಪುಸ್ತಕ ಮುಗಿಸುವ ಬದಲು ಗ್ರಿಯರ್ಸನ್ ಕಡೆಯಲ್ಲಿ ನಮಗೊಂದು ನಿಯಮಗಳ ಪಟ್ಟಿ ಕಟ್ಟಿಕೊಡ್ತಾನೆ. ಚಲಿಸ್ತಾ ಇರಿ, ಅಭ್ಯಾಸ ಬೆಳೆಸ್ಕೊಳ್ಳಿ, ಹೀಗೆ. ಇಷ್ಟು ಹೊತ್ತು ಎದುರಿಗಿದ್ದ ಮುಂಗೋಪಿ, ಚತುರೆ, ಸೋಲು ಸಹಿಸದ ಹೆಂಗಸು ಅಲ್ಲಿ ಕರಗಿ ಹೋಗಿ ಫ್ರಿಡ್ಜ್ ಮೇಲೆ ಅಂಟಿಸೋ ಚೀಟಿ ಆಗಿಬಿಡ್ತಾಳೆ.

ಆ ಪಟ್ಟಿಯನ್ನು ಪರೀಕ್ಷೆ ಮಾಡೋಕೆ ಇನ್ನೊಬ್ಬ ಕೆನಡಿಯನ್ ಸಾಕು. ಎಡ್ ವಿಟ್ಲಾಕ್. 2004ರಲ್ಲಿ, 73ನೇ ವಯಸ್ಸಲ್ಲಿ, ಟೊರಾಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಲ್ಲಿ ಮುಗಿಸಿದ ಮಹಾನುಭಾವ. ಬೆಂಗಳೂರಿನ ರನ್ನಿಂಗ್ ಗ್ರೂಪುಗಳಲ್ಲಿ 30ರ ಹುಡುಗರು ಮೂರು ಗಂಟೆಯ ಗೋಡೆ ಒಡೆಯೋಕೆ ಎಷ್ಟು ಜೆಲ್ ನುಂಗ್ತಾರೆ ಅಂತ ಕೇಳಿ ನೋಡಿ. ವಿಟ್ಲಾಕ್ ಕೋಚ್ ಇಟ್ಕೊಳ್ಳಲಿಲ್ಲ, ಸ್ಟ್ರೆಚಿಂಗ್ ಮಾಡಲಿಲ್ಲ, ಡಯಟ್ ಅನ್ನಲಿಲ್ಲ. ಮನೆ ಹತ್ತಿರದ ಸ್ಮಶಾನದೊಳಗೆ ಗಂಟೆಗಟ್ಟಲೆ ನಿಧಾನಕ್ಕೆ ಸುತ್ತು ಹಾಕಿದ, ಅಷ್ಟೇ. ಓಲ್ಗಾ ನಡುರಾತ್ರಿ ಎದ್ದು ಹಾಸಿಗೆಯಲ್ಲೇ ಮೈ ನೀವಿಕೊಳ್ಳುತ್ತಿದ್ದವರು. ಇಬ್ಬರಿಂದಲೂ ನಿಯಮ ತೆಗೆಯೋಕೆ ಹೋದ್ರೆ ಒಂದು ಇನ್ನೊಂದನ್ನು ಹೊಡೆದು ಹಾಕುತ್ತೆ. ಇಬ್ಬರಿಗೂ ಸಮಾನವಾಗಿ ಇದ್ದದ್ದು ಒಂದೇ, ಗೆಲ್ಲಬೇಕು ಅನ್ನೋ ಹಠ. ಪುಸ್ತಕಕ್ಕೆ ಅದು ಹತ್ತರಲ್ಲಿ ಒಂದು ಅಂಶ. ನನಗೆ ಅದೇ ಕಥೆ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಮ್ಮ ಚಿಕ್ಕಮ್ಮ ಒಬ್ಬರಿದ್ದಾರೆ. ಕಾಲೇಜಿನಲ್ಲಿ ಗುಂಡು ಎಸೀತಿದ್ದವರು. ಮದುವೆ ಆಯ್ತು, ಗುಂಡು ನಿಂತಿತು. ಹೋದ ವರ್ಷ 58ರಲ್ಲಿ ಒಂದು ಮಾಸ್ಟರ್ಸ್ ಕೂಟಕ್ಕೆ ಹೆಸರು ಕೊಟ್ಟು, 3 ಕೆಜಿಯ ಗುಂಡು ಎಸೆದು ಮೂರನೇ ಸ್ಥಾನ ತಂದರು. ಗ್ರೂಪಿನಲ್ಲಿ ‘ಸ್ಫೂರ್ತಿ’, ‘ಸೂಪರ್ ಚಿಕ್ಕಮ್ಮ’, ‘ನೀವೇ ನಮ್ಮ ಹೀರೋ’ ಎಲ್ಲ ಬಂತು. ಸಂಜೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಸಣ್ಣ ಸಿಟ್ಟು. “ನಲವತ್ತು ಜನ ಮೆಸೇಜ್ ಹಾಕಿದ್ರು ಕಣೋ. ಎಷ್ಟು ದೂರ ಬಿತ್ತು ಅಂತ ಒಬ್ರೂ ಕೇಳ್ಲಿಲ್ಲ.” ಆಮೇಲೆ ಅರ್ಧ ಗಂಟೆ ಎರಡನೇ ಸ್ಥಾನದವಳ ಬಗ್ಗೆ ಹೇಳಿದರು. ಅವಳಿಗೆ ಇವರಿಗಿಂತ ಹನ್ನೊಂದು ಸೆಂಟಿಮೀಟರ್ ಹೆಚ್ಚು, ಆದ್ರೆ ಪಾದ ಗೆರೆ ಮುಟ್ಟಿತ್ತು, ಅಂಪೈರ್ ನೋಡಲಿಲ್ಲ, ಇವರು ಖುದ್ದಾಗಿ ನೋಡಿದ್ದಾರೆ! ನನ್ನ ಮಟ್ಟಿಗೆ ಆ ದಿನದ ಅತ್ಯಂತ ಖುಷಿಯ ಅರ್ಧ ಗಂಟೆ ಅದು.

ಸ್ಫೂರ್ತಿ ಅನ್ನೋ ಪದ ಕೇಳೋಕೆ ಮರ್ಯಾದಸ್ಥ ಪದ. ಆದರೆ ಅದರಲ್ಲಿ ಕರ್ತೃ ನಾವು. ಅವರು ಓಡಿದ್ದು ನಮಗೆ ಏನೋ ಅನಿಸಲಿ ಅಂತ. ಅವರಿಗೆ ಏನು ಬೇಕಿತ್ತು ಅನ್ನೋದು ಆ ಪದದೊಳಗೆ ಇಲ್ಲ.

ಇದರ ಇನ್ನೊಂದು ಮುಖ ಪ್ರಾಮಾಣಿಕತೆಯದ್ದು. 2017ರಲ್ಲಿ ಆಕ್ಲೆಂಡ್‌ನಲ್ಲಿ 101 ವರ್ಷದ ಮಾನ್ ಕೌರ್ 100 ಮೀಟರ್ ಚಿನ್ನ ಗೆದ್ದಾಗ ಅವರ ವಿಭಾಗದಲ್ಲಿ ಇದ್ದದ್ದು ಅವರೊಬ್ಬರೇ. ಹೆಚ್ಚಿನ ತಲೆಬರಹಗಳು ಇದನ್ನು ನುಂಗಿಕೊಂಡವು. ಗೊತ್ತಾದವರು ‘ಓ, ಇಷ್ಟೇನಾ’ ಅಂದರು. ಎರಡೂ ತಪ್ಪು ಲೆಕ್ಕವೇ. ಎದುರಾಳಿ ಇಲ್ಲದ ಕಡೆ ಪದಕಕ್ಕೆ ಅರ್ಥ ಕಡಿಮೆ, ನಿಜ. ಆದರೆ ಹಿಂದಿನ ವರ್ಷ ವ್ಯಾಂಕೂವರ್‌ನಲ್ಲಿ ಇದೇ ದೂರಕ್ಕೆ ಅವರು ತೆಗೆದುಕೊಂಡದ್ದು 1 ನಿಮಿಷ 21 ಸೆಕೆಂಡ್. ಆಕ್ಲೆಂಡ್‌ನಲ್ಲಿ 1 ನಿಮಿಷ 14 ಸೆಕೆಂಡ್. ನೂರರಿಂದ ನೂರೊಂದಕ್ಕೆ ಬರುವಾಗ ಏಳು ಸೆಕೆಂಡ್ ಉಳಿಸಿದ್ದಾರೆ! ಪದಕ ಬದಿಗಿಟ್ಟು ಗಡಿಯಾರ ನೋಡಿದ್ದರೆ ಸುಳ್ಳೂ ಹೇಳಬೇಕಿರಲಿಲ್ಲ, ಸಣ್ಣದೂ ಮಾಡಬೇಕಿರಲಿಲ್ಲ.

ಮ್ಯಾರಥಾನ್ ಓಡಿದ ಫೌಜಾ ಸಿಂಗ್ ಅವರದ್ದು ಬೇರೆ ಪೇಚು. 2011ರಲ್ಲಿ ಟೊರಾಂಟೊದಲ್ಲಿ 8 ಗಂಟೆ 11 ನಿಮಿಷದಲ್ಲಿ ಗುರಿ ಮುಟ್ಟಿದರು. ಪಾಸ್‌ಪೋರ್ಟ್ ಪ್ರಕಾರ ಹುಟ್ಟಿದ್ದು 1911ರ ಏಪ್ರಿಲ್ 1. ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಅವತ್ತು ನಮ್ಮವರು ಅಪಮಾನ ಅಂತ ಕೂಗಿದರು. ವಯಸ್ಸೇ ಆಟದ ಅಳತೆಗೋಲು ಆದಾಗ ಕಾಗದ ಕೇಳೋದು ಅಪಮಾನ ಅಲ್ಲ. ಹಾಗಂತ ಆ ಕಾಲದ ಪಂಜಾಬಿನ ಹಳ್ಳಿಯಲ್ಲಿ ಕಾಗದ ಎಲ್ಲಿಂದ ಬರಬೇಕು? ನಮ್ಮ ಊರುಗಳಲ್ಲಿ ಹೆಡ್‌ಮಾಸ್ತರ ಕೃಪೆಯಿಂದ ಅಪ್ಪಂದಿರೆಲ್ಲ ಜೂನ್ 1ಕ್ಕೆ ಹುಟ್ಟಿದವರು. ನಾಳೆ ಇವರು ಮಾಸ್ಟರ್ಸ್‌ಗೆ ಹೋದರೆ ಒಂದೇ ದಿನ ಎಲ್ಲರೂ ವಿಭಾಗ ಬದಲಾಯಿಸ್ತಾರೆ.

ಸಿನಿಮಾದವರು ಏನು ಮಾಡಿದರು ನೋಡೋಣ. 2019ರ ‘ಸಾಂಡ್ ಕೀ ಆಂಖ್’ ಅರವತ್ತು ದಾಟಿದ ಮೇಲೆ ಶೂಟಿಂಗ್ ಕಲಿತು ಗೆದ್ದ ಚಂದ್ರೊ ಮತ್ತು ಪ್ರಕಾಶಿ ತೋಮರ್ ಕಥೆ. ಪಾತ್ರಕ್ಕೆ ತಾಪ್ಸಿ ಪನ್ನು, ಭೂಮಿ ಪೆಡ್ನೇಕರ್. ಮುಖಕ್ಕೆ ಸುಕ್ಕು ಬಳಿದು, ಕೂದಲಿಗೆ ಬಿಳಿ ಬಳಿದು. ವಯಸ್ಸಾದ ಮೈಗೂ ಆಡೋ ತಾಕತ್ತಿದೆ ಅಂತ ಸಾರುವ ಸಿನಿಮಾಕ್ಕೆ ವಯಸ್ಸಾದ ಮೈಯ ಮೇಲೇ ನಂಬಿಕೆ ಇಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಹೇಳಲ್ಲ.

ಹೇಳಬೇಕಾದದ್ದು ಯಾನ್ ಟೆನ್‌ಹಾವೆನ್ ನಿರ್ದೇಶಿಸಿದ ಜರ್ಮನ್ ಸಾಕ್ಷ್ಯಚಿತ್ರ ‘ಹೆರ್ಬ್ಸ್ಟ್‌ಗೋಲ್ಡ್’ ಬಗ್ಗೆ. 2010ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿ ‘ಆಟಮ್ ಗೋಲ್ಡ್’. 80ರಿಂದ 100ರ ನಡುವಿನ ಐದು ಜನ 2009ರಲ್ಲಿ ಫಿನ್‌ಲ್ಯಾಂಡಿನ ಲಾಹ್ತಿಯಲ್ಲಿ ನಡೆಯಲಿರುವ ವಿಶ್ವ ಮಾಸ್ಟರ್ಸ್ ಕೂಟಕ್ಕೆ ತಯಾರಾಗ್ತಾರೆ. ಅಂದಹಾಗೆ ಓಲ್ಗಾ ತಮ್ಮ ವಿಭಾಗದ ಎದುರಾಳಿಗಿಂತ 20 ಅಡಿ ಮುಂದಕ್ಕೆ ಜಾವೆಲಿನ್ ಎಸೆದದ್ದೂ ಇದೇ ಕೂಟದಲ್ಲಿ. ಜೆಕ್ ದೇಶದ ಯಿರ್ಜಿ ಹೈಜಂಪ್, ಜರ್ಮನಿಯ ಇಲ್ಸೆ ಗುಂಡು ಎಸೆತ, ಸ್ವೀಡನ್ನಿನ ಹರ್ಬರ್ಟ್ ಓಟ, ಇಟಲಿಯ ಗಾಬ್ರೆ ಗಾಬ್ರಿಚ್ ಮತ್ತು ಆಸ್ಟ್ರಿಯಾದ ಆಲ್ಫ್ರೆಡ್ ಪ್ರೋಕ್ಶ್ ಡಿಸ್ಕಸ್. ಸಿನಿಮಾ ಇವರಿಂದ ನಮಗೇನೂ ಕಲಿಸೋಕೆ ಹೋಗಲ್ಲ, ಅದೇ ಅದರ ದೊಡ್ಡಸ್ತಿಕೆ. ಯಾವುದೇ ಕ್ರೀಡಾ ಸಿನಿಮಾದಂತೆ ತಯಾರಿ, ಭಯ, ಕೂಟ, ಫಲಿತಾಂಶ. ಇವರಿಗೆ ಪದಕ ಬೇಕು. ಉಳಿದ ಕ್ರೀಡಾ ಸಿನಿಮಾಗಳಲ್ಲಿ ಎದುರಾಳಿ ಇನ್ನೊಬ್ಬ ಆಟಗಾರ. ಇಲ್ಲಿ ಕೂಟದ ದಿನಾಂಕವೇ ಎದುರಾಳಿ, ಅಲ್ಲಿಯವರೆಗೆ ಮೈ ತಡೆಯುತ್ತಾ ಅನ್ನೋದೇ ಸಸ್ಪೆನ್ಸ್. ಇದನ್ನು ಕಣ್ಣೀರಿನ ಸಂಗತಿ ಮಾಡದೆ ವೇಳಾಪಟ್ಟಿಯ ಸಂಗತಿ ಮಾಡಿರೋದು ನನಗೆ ಹಿಡಿಸಿತು.

ಕೊರತೆ ಒಂದಿದೆ. ಐವರೂ ಯುರೋಪಿನವರು. ಅವರಲ್ಲಿ ಗಾಬ್ರೆ ಮತ್ತು ಆಲ್ಫ್ರೆಡ್ ಇಬ್ಬರೂ 1936ರ ಬರ್ಲಿನ್ ಒಲಿಂಪಿಕ್ಸ್ ಆಡಿದವರು. ಗಾಬ್ರೆ ಅಲ್ಲೂ ಡಿಸ್ಕಸ್, ಆಲ್ಫ್ರೆಡ್ ಪೋಲ್‌ವಾಲ್ಟ್. ಆಟ ಅವರ ಮೈಗೆ ಎಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಯೌವನದಲ್ಲಿ ಆಟಕ್ಕೆ ಬಿಡುವು, ಮೈದಾನ, ಅನುಮತಿ ಯಾರಿಗೆ ಸಿಕ್ಕಿತ್ತು ಅನ್ನೋ ಪ್ರಶ್ನೆ ಈ ಸಿನಿಮಾಕ್ಕೆ ಹೊಳೆಯೋದೇ ಇಲ್ಲ. ಬರ್ಲಿನ್ ಒಲಿಂಪಿಕ್ಸ್ ನಡೆದ ಆಗಸ್ಟ್‌ನಲ್ಲಿ ಮಾನ್ ಕೌರ್‌ಗೆ 20 ವರ್ಷ. ಹರೆಯದಲ್ಲಿ ಪಟಿಯಾಲ ರಾಜಮನೆತನದ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದವರು ಅವರು. ಮಗ ಗುರುದೇವ್ ಸಿಂಗ್ ಕರೆದುಕೊಂಡು ಹೋಗಿ ಮೊದಲ ಸಲ ಟ್ರ್ಯಾಕಿಗೆ ಇಳಿಸಿದ್ದು 93ರಲ್ಲಿ. ಅದು ಲಾಹ್ತಿಯ ಕೂಟ ನಡೆದ ಹೊತ್ತಿನ ಆಸುಪಾಸು.