‘ರೇಜ್ ಅಗೇನ್‌ಸ್ಟ್ ದ ಮೆಷೀನ್’ ಮೇಳದ ಗೀತದಲ್ಲಿ ರೌದ್ರರಸ

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1991ರಲ್ಲಿ ಹುಟ್ಟಿದ ‘ರೇಜ್ ಅಗೇನ್‌ಸ್ಟ್ ದ ಮೆಷೀನ್’ ಎಂಬ ಮೇಳವು ರಾಕ್ ಸಂಗೀತದ ವಾದ್ಯಘೋಷಕ್ಕೆ ರ‍್ಯಾಪ್ ಎಂಬ ಲಯಬದ್ಧವಾಚನವನ್ನು ಕೂಡಿಸಿ, ರಾಜ್ಯಾಧಿಕಾರವನ್ನೂ ಧನಬಲವನ್ನೂ ಅವುಗಳಿಗೆ ಆಸರೆಯಾದ ಮತವನ್ನೂ ಖಂಡಿಸಿದುದು ಸುವಿದಿತವಾಗಿದೆ. ಇಂತಹ ಗೀತಗಳು ಬರಿಯ ಕೂಗೇ ಹೊರತು ಕಾವ್ಯವಲ್ಲವೆಂಬ ಆಕ್ಷೇಪವುಂಟು. ಅದನ್ನು ರಸದೃಷ್ಟಿಯಿಂದ ಪರೀಕ್ಷಿಸುವುದು ಯುಕ್ತವಾಗಿದೆ.

1992ರಲ್ಲಿ ಹೊರಬಂದ ಪ್ರಥಮ ಧ್ವನಿಮುದ್ರಿಕೆಯಲ್ಲಿನ ‘ಕಿಲ್ಲಿಂಗ್ ಇನ್ ದ ನೇಮ್’ ಎಂಬುದು ಈ ಮೇಳದ ಗೀತಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಪೊಲೀಸರ ದಂಡವನ್ನು ಹಿಡಿದವರಲ್ಲಿ ಕೆಲವರು ಶಿಲುಬೆಯನ್ನು ಸುಡುವವರೇ ಆಗಿದ್ದಾರೆಂಬುದು ಅದರ ಪೂರ್ವಾರ್ಧದ ಅಭಿಪ್ರಾಯ. ಬಿಳಿಯರ ಮೇಲ್ಮೆಯನ್ನು ಸಾರುವ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘವು ಕರಿಯರನ್ನು ಬೆದರಿಸಲು ಶಿಲುಬೆಯನ್ನು ಉರಿಸುತ್ತಿದ್ದುದೇ ಇಲ್ಲಿಯ ಧ್ವನಿ. ಕರುಣೆಯ ಚಿಹ್ನೆಯು ಭಯದ ಚಿಹ್ನೆಯಾದುದನ್ನು ಕವಿಯು ಒಂದೇ ಮಾತಿನಲ್ಲಿ ಕಾಣಿಸಿದ್ದಾನೆ. ಇಲ್ಲಿ ಕ್ರೋಧವೆಂಬ ಸ್ಥಾಯಿಭಾವಕ್ಕೆ ಆಲಂಬನವು ಸ್ಪಷ್ಟವಾಗಿರುವುದರಿಂದ ರೌದ್ರವು ನಿಷ್ಪನ್ನವಾಗುತ್ತದೆ. ಉತ್ತರಾರ್ಧದಲ್ಲಾದರೋ ಆಜ್ಞೆಯನ್ನು ಪಾಲಿಸೆನೆಂಬ ಒಂದೇ ವಾಕ್ಯವು ಹದಿನಾರು ಬಾರಿ ಆವೃತ್ತವಾಗುತ್ತದೆ. ಯಾರ ಆಜ್ಞೆಯೆಂಬುದನ್ನು ವಾಕ್ಯವು ಹೇಳದು. ಕ್ರೋಧವು ಉಳಿಯುತ್ತದೆ, ಆಲಂಬನವು ಮರೆಯಾಗುತ್ತದೆ.

ಇದರ ಫಲವು ಮುಂದೆ ಕಂಡುಬಂದಿತು. 2009ರಲ್ಲಿ ಬ್ರಿಟನ್ನಿನ ಶ್ರೋತೃಗಳು ದೂರದರ್ಶನದ ಗಾನಸ್ಪರ್ಧೆಯೊಂದರ ಪ್ರಾಬಲ್ಯವನ್ನು ವಿರೋಧಿಸಿ ಈ ಗೀತವನ್ನೇ ಕೊಂಡು, ಕ್ರಿಸ್ಮಸ್ ವಾರದ ಮಾರಾಟದಲ್ಲಿ ಅಗ್ರಸ್ಥಾನಕ್ಕೇರಿಸಿದರು. ಸ್ಪರ್ಧಿಯ ಗೀತವೂ ಇದೂ ಸೋನಿ ಸಂಸ್ಥೆಯವೇ ಆಗಿದ್ದುವು. 2020ರ ನವೆಂಬರಿನಲ್ಲಿ ಫಿಲಡೆಲ್ಫಿಯ ನಗರದಲ್ಲಿ ಡೊನಾಲ್ಡ್ ಟ್ರಂಪರ ಬೆಂಬಲಿಗರು, ಪೊಲೀಸರ ಪಕ್ಷವನ್ನು ಸಾರುವ ಧ್ವಜದೊಡನೆ, ಇದೇ ಗೀತಕ್ಕೆ ಕುಣಿದರು. ಆಲಂಬನವಿಲ್ಲದ ಕ್ರೋಧವನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು.

ಅದೇ ಮುದ್ರಿಕೆಯ ಮುಖಚಿತ್ರವು ಇದಕ್ಕೆ ಪ್ರತಿಯಾಗಿ ನಿಂತಿದೆ. ಬೌದ್ಧರನ್ನು ಪೀಡಿಸುತ್ತಿದ್ದ ಡಿಯೆಮ್ ಸರಕಾರವನ್ನು ಪ್ರತಿಭಟಿಸಿ, 1963ನೆಯ ಜೂನ್ 11ರಂದು ಸೈಗಾನ್ ನಗರದ ಬೀದಿಯಲ್ಲಿ ಪದ್ಮಾಸನದಲ್ಲಿ ಕುಳಿತು ದೇಹವನ್ನು ಅಗ್ನಿಗೊಪ್ಪಿಸಿದ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅವರ ಛಾಯಾಚಿತ್ರವದು. ಮಾಲ್ಕಂ ಬ್ರೌನ್ ತೆಗೆದುದು. ಮತವನ್ನು ಖಂಡಿಸುವ ಮೇಳವು ಒಬ್ಬ ಭಿಕ್ಷುವನ್ನೇ ಮುಂದಿಟ್ಟುಕೊಂಡುದು ವಿರೋಧಾಭಾಸವೆಂದು ತೋರಬಹುದು. ಆದರೆ ಮೇಳದ ವಿರೋಧವು ಶ್ರದ್ಧೆಯೊಡನಲ್ಲ, ಅಧಿಕಾರಕ್ಕೆ ಒಲಿದ ಮತದೊಡನೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಭರತನ ಮತದಲ್ಲಿ ವೀರಕ್ಕೆ ಉತ್ಸಾಹವೇ ಸ್ಥಾಯಿ. ಅದರ ಮೂಲವು ಅಸಂಮೋಹ. ಭಿಕ್ಷುವಿನ ನಿಶ್ಚಲತೆಯಲ್ಲಿ ಆ ಅಸಂಮೋಹವಿದೆ. ತಾನು ಯಾವುದನ್ನು ನಿರಾಕರಿಸುತ್ತಿರುವೆನೆಂಬುದರಲ್ಲಿ ಅಲ್ಲಿ ಸಂದೇಹಕ್ಕೆಡೆಯಿಲ್ಲ.

ಆದುದರಿಂದ ಗೀತವು ಕೂಗೆಂಬ ಆಕ್ಷೇಪವು ಅರ್ಧಸತ್ಯ. ಪೂರ್ವಾರ್ಧವು ಕಾವ್ಯವೇ ಸರಿ. ಉತ್ತರಾರ್ಧವು ಜನರನ್ನು ಸೆಳೆಯಿತು. ಆದರೆ ಅವರು ಯಾವುದರ ವಿರುದ್ಧ ನಿಲ್ಲಬೇಕೆಂಬುದನ್ನು ಮರೆಯಲು ಅವಕಾಶವನ್ನೂ ಕೊಟ್ಟಿತು.