ಸೈಕಲ್ ಕಳ್ಳರು

ಮಠದ ಪತ್ರಿಕೆಯಲ್ಲಿ ಚಲನಚಿತ್ರದ ವಿಮರ್ಶೆಯೇಕೆಂದು ಸದ್ಭಕ್ತರಾದ ತಾವು ಕೇಳಬಹುದು. ಕಾಯಕವನ್ನು ಬೋಧಿಸುವ ನಾವು ಉತ್ತರಿಸಲೇಬೇಕಾದ ಪ್ರಶ್ನೆಯೊಂದು ಇದರಲ್ಲಿದೆ. ಇಟಲಿಯ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ ಎರಡನೆಯ ಮಹಾಯುದ್ಧಾನಂತರದ ರೋಮ್ ನಗರದ ಕಥೆ.

ನಿರುದ್ಯೋಗಿ ಆಂಟೋನಿಯೊಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆಯುತ್ತದೆ. ಸ್ವಂತ ಸೈಕಲ್ ಇರಬೇಕೆಂಬುದು ನಿಬಂಧನೆ. ಅವನದು ಒತ್ತೆಯಲ್ಲಿದೆ. ಅದನ್ನು ಬಿಡಿಸಲು ಪತ್ನಿ ಮರಿಯಾ ಹಾಸಿಗೆಯ ಚಾದರಗಳನ್ನು ಗಿರವಿಗೆ ಒಯ್ಯುತ್ತಾಳೆ. ಅಲ್ಲಿಯ ನೌಕರನು ಆ ಗಂಟನ್ನು ಹೊತ್ತು ಛಾವಣಿ ಮುಟ್ಟುವ ಕಪಾಟುಗಳನ್ನು ಏರುತ್ತಾನೆ. ಅಲ್ಲಿ ಇಂಥವೇ ಲೆಕ್ಕವಿಲ್ಲದಷ್ಟು ಗಂಟುಗಳು! ಒಂದು ನಗರದ ಬಡತನವನ್ನು ಇದಕ್ಕಿಂತ ಮಿತವಾಗಿ ಹೇಳಿದ ದೃಶ್ಯವನ್ನು ನಾವು ಕಾಣೆವು. ಮೊದಲ ದಿನವೇ, ಅಮೆರಿಕದ ಚಿತ್ರತಾರೆಯೊಬ್ಬಳ ಚಿತ್ರವನ್ನು ಗೋಡೆಗೆ ಅಂಟಿಸುತ್ತಿರುವಾಗ, ಸೈಕಲ್ ಕಳವಾಗುತ್ತದೆ.

ಮಗ ಬ್ರೂನೋನೊಡನೆ ಅಲೆದಲೆದು ಕಳ್ಳನನ್ನು ಹಿಡಿದರೆ, ಅವನೂ ಇಕ್ಕಟ್ಟಾದ ಕೋಣೆಯಲ್ಲಿ ತಾಯಿಯೊಡನೆ ಬದುಕುವ ಬಡವ. ಕೊನೆಗೆ ಆಂಟೋನಿಯೊ ತಾನೇ ಸೈಕಲ್ ಕದ್ದು, ಮಗನೆದುರಿಗೇ ಸಿಕ್ಕಿಬೀಳುತ್ತಾನೆ. ಶೀರ್ಷಿಕೆಯು ಬಹುವಚನದಲ್ಲಿರುವುದು ಆಕಸ್ಮಿಕವಲ್ಲ.

ಕಳವು ಕಳವೇ, ಅದನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆದರೆ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ದಾಸೋಹ ನಡೆಸಿದಾಗ ಕಾಯಕದ ಸಾಧನ ಅವರ ಕೈಯಲ್ಲಿಯೇ ಇತ್ತು. ಆಂಟೋನಿಯೊನ ಸಾಧನ ಗಿರವಿಯಲ್ಲಿದೆ. ದುಡಿಯಲು ಸಿದ್ಧನಿರುವವನಿಗೆ ‘ದುಡಿ’ ಎಂದು ಉಪದೇಶಿಸಿ ಪ್ರಯೋಜನವೇನು?

ಚಿತ್ರದ ಕೊರತೆಯೂ ಇಲ್ಲಿಯೇ ಇದೆ. ಬೀದಿಯಲ್ಲಿ ಬಡವನು ಬಡವನನ್ನು ದೋಚುತ್ತಾನೆ. ಬಂಡವಾಳವು ಆ ಬೀದಿಗೆ ಇಳಿಯುವುದೇ ಇಲ್ಲ. ಸಿರಿವಂತ ಕುಟುಂಬವೊಂದು ಭೋಜನಗೃಹದಲ್ಲಿ ಸ್ವಲ್ಪ ಹೊತ್ತು ಕಾಣಿಸುತ್ತದೆ, ಅಷ್ಟೇ. ಕೂಲಿಯವನೇ ಸಾಧನವನ್ನೂ ತರಬೇಕೆಂಬ ನಿಬಂಧನೆಯ ಲಾಭ ಯಾರಿಗೆಂದು ಡಿ ಸಿಕಾ ಕೇಳುವುದಿಲ್ಲ. ಅವರಲ್ಲಿ ಕರುಣೆ ಹೆಚ್ಚು, ವಿಚಾರಣೆ ಕಡಿಮೆ.

ಆದರೂ ಒಂದು ದೃಶ್ಯ ನಮ್ಮನ್ನು ಬಹುವಾಗಿ ಕಾಡಿತು. ಇಗರ್ಜಿಯಲ್ಲಿ ಸುಶಿಕ್ಷಿತ ಉಪಕಾರಿಗಳು ಬಡವರಿಗೆ ಕ್ಷೌರ ಮಾಡಿಸಿ, ಪ್ರಾರ್ಥನೆಗೆ ಕೂರಿಸುತ್ತಾರೆ, ಅನ್ನ ಆಮೇಲೆ. ಆಂಟೋನಿಯೊನ ಗೋಳು ಅವರಿಗೆ ಪ್ರಾರ್ಥನೆಯನ್ನು ಕೆಡಿಸುವ ಗದ್ದಲ ಮಾತ್ರ. ಅನ್ಯಮತದವರ ಲೋಪವೆಂದು ನಾವು ನಗುವಂತಿಲ್ಲ. ನಮ್ಮ ಪಂಕ್ತಿಯಲ್ಲಿ ಕುಳಿತವನು ನಾಳೆಯೂ ಅಲ್ಲಿಯೇ ಏಕೆ ಕೂರಬೇಕಾಗಿದೆಯೆಂದು ಎಷ್ಟು ಸಲ ಕೇಳಿದ್ದೇವೆ? ಪ್ರಸಾದ ನೀಡುವುದು ಸುಲಭ. ಈ ಲೇಖಕನೂ ಆ ಸುಲಭಕ್ಕೆ ಒಗ್ಗಿದವನೇ.

ಆಂಟೋನಿಯೊನ ಪಾತ್ರ ವಹಿಸಿದ ಲ್ಯಾಂಬರ್ಟೊ ಮಜ್ಜೊರಾನಿ ವೃತ್ತಿನಟರಲ್ಲ, ಕಾರ್ಖಾನೆಯ ಕಾರ್ಮಿಕರು. ಚಿತ್ರ ಮುಗಿಸಿ ಅವರು ಕಾರ್ಖಾನೆಗೆ ಮರಳಿದರು. ಕಾರ್ಮಿಕರನ್ನು ಕಡಿತಗೊಳಿಸಿದಾಗ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು.