ಜೀತಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ನಂಜನಗೂಡು, ತಿ. ನರಸೀಪುರ ಸೀಮೆಯ ಹುಡುಗರು ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧ ಬರೆಯಲು ಕೂತರೆ ವ್ಯಾಕರಣಕ್ಕಿಂತ ಹೆಚ್ಚಾಗಿ ಕಾಡುವುದು ಊರಿನ ಮಾತುಗಳು. ‘ಜೀತ’ ಎಂದು ಬರೆದರೆ ಹೊರಗಿನ ಓದುಗನಿಗೆ ಅರ್ಥವಾಗುವುದಿಲ್ಲ. ‘ಬಾಂಡೆಡ್ ಲೇಬರ್’ ಎಂದರೆ ಅರ್ಥವಾಗುತ್ತದೆ. ಆದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಜೀತ, ಊರಿನ ಜೀತವಲ್ಲ.

ಕಾಯ್ದೆ ಬಂದ ವರ್ಷವೇ ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ ಕೂಡ ಬಂತು. ಅದರ ರಾಂಪುರ ಅಂದರೆ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿ. 1948ರಲ್ಲಿ ಅಲ್ಲಿದ್ದು ಬರೆದುಕೊಂಡ ಟಿಪ್ಪಣಿಗಳನ್ನು ಸಂಸ್ಕರಿಸಿ ಇಟ್ಟಿದ್ದ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಸುಟ್ಟುಹೋದ ಮೇಲೆ, ನೆನಪನ್ನು ನೆಚ್ಚಿ ಬರೆದ ಪುಸ್ತಕ ಅದು. ಮನೆಮಾತು ತಮಿಳು, ಊರಮಾತು ಕನ್ನಡವಾಗಿದ್ದ ಶ್ರೀನಿವಾಸ್ ಜೀತಕ್ಕೆ ಇಂಗ್ಲಿಷ್ ಸಮಾನಪದ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಪದವನ್ನು ಹಾಗೇ ಇಟ್ಟು ಅದರ ಸುತ್ತಲಿನ ಸಾಲ, ಕರಾರು, ದುಡಿಮೆಗಳನ್ನು ವಿವರಿಸಿದರು. ತಾವೇ ಚಲಾವಣೆಗೆ ತಂದ ಪದಗಳಲ್ಲೂ ಅವರದು ಇದೇ ಎಚ್ಚರ. ‘ಪ್ರಬಲ ಜಾತಿ’ ಎಂಬುದಕ್ಕೆ 1955ರಲ್ಲಿ ಸಂಖ್ಯೆ, ಸಂಪತ್ತು, ರಾಜಕೀಯ ಬಲಗಳ ಲಕ್ಷಣ ಹೇಳಿದವರು 1959ರಲ್ಲಿ ಆಧುನಿಕ ಶಿಕ್ಷಣ, ಹೊಸ ಉದ್ಯೋಗಗಳನ್ನೂ ಸೇರಿಸಿದರು. ‘ಸಂಸ್ಕೃತೀಕರಣ’ ಒಡ್ಡೊಡ್ಡಾದ ಪದವೆಂದು ಒಪ್ಪಿಕೊಂಡೇ ಅದನ್ನು ಉಳಿಸಿಕೊಂಡ ಕಾರಣ ಕೊಟ್ಟರು.

ಆದರೂ ಈ ಸ್ಪಷ್ಟತೆಗೆ ಒಂದು ಮಿತಿಯಿದೆ. ಶ್ರೀನಿವಾಸ್ ತಂಗಿದ್ದದ್ದು ಊರ ಯಜಮಾನರ ದನದ ಮನೆಯಲ್ಲಿ. ಅಲ್ಲಿಂದ ಜೀತ ಒಂದು ವ್ಯವಸ್ಥೆಯಾಗಿ ನಿಚ್ಚಳವಾಗಿ ಕಾಣುತ್ತದೆ. ದುಡಿಯುವವನ ಮೈಗೆ ಅದು ಹೇಗಿತ್ತೆಂಬುದು ಅಷ್ಟಾಗಿ ಕಾಣುವುದಿಲ್ಲ. ತಮ್ಮ ನೋಟ ಮೇಲ್ಜಾತಿಯವರ ಕಡೆಯಿಂದ ಬಂದದ್ದೆಂದು ಅವರೇ ಬರೆದಿದ್ದಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಅರ್ಥವನ್ನು ಹೆಚ್ಚು ತಿಳಿಯಾಗಿಸುವುದು ಆ ಮಾತು.

ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ತದ್ವಿರುದ್ಧ ದಾರಿ ಹಿಡಿದರು. ಅಲ್ಲಿ ವಿವರಣೆಯಿಲ್ಲ, ಕನ್ನಡದ ಓದುಗರೇ ತಡವರಿಸಿಕೊಂಡು ಆ ನುಡಿಯ ಹತ್ತಿರ ಹೋಗಬೇಕು. ಕಾದಂಬರಿಗೆ ಆ ಸ್ವಾತಂತ್ರ್ಯವಿದೆ, ಪ್ರಬಂಧಕ್ಕಿಲ್ಲ. ಆದರೆ ಯಾರು ಯಾರ ಬಳಿಗೆ ನಡೆದು ಹೋಗಬೇಕು ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಹುಡುಗರಿಗೆ ನಾನು ಹೇಳುವುದಿಷ್ಟು: ‘ಜೀತ’ವನ್ನು ಹೊಡೆದುಹಾಕಬೇಡಿ. ಅದರ ಕರಾರು ಹೇಳಿ, ಒಂದು ಪ್ರಸಂಗ ಹೇಳಿ. ಜೊತೆಗೆ, ಅದನ್ನು ಜಗಲಿಯಿಂದ ನೋಡಿದಿರೋ ಕೊಟ್ಟಿಗೆಯಿಂದ ನೋಡಿದಿರೋ, ಅದನ್ನೂ ಹೇಳಿ.